ಮೀನು ಎಲ್ಲಿ ಕೊಳ್ಳೋದು: ಅಂಗಡಿಯಲ್ಲೋ ಆನ್‌ಲೈನಲ್ಲೋ?

ಹತ್ತು ರಮ್ಮಿನೋಸ್ ಟೆಟ್ರಾ, ಅಂದರೆ ಅಕ್ವೇರಿಯಂ ಟ್ಯಾಂಕಿನಲ್ಲಿ ಸಾಕುವ ಕೆಂಪು ಮೂತಿಯ ಪುಟ್ಟ ಮೀನು. ಅಂಗಡಿಗಿಂತ ಆನ್‌ಲೈನಲ್ಲಿ ಅಗ್ಗವಾಗಿ ಸಿಕ್ಕವು ಅಂತ ಖುಷಿಯಿಂದ ಆರ್ಡರ್ ಮಾಡಿದ್ದೆ. ಪಾರ್ಸಲ್ ಒಂದು ದಿನ ತಡವಾಗಿ ಬಂತು. ಡಬ್ಬ ಬಿಚ್ಚಿದಾಗ ಹತ್ತೂ ಬದುಕಿದ್ದವು. ಆದರೆ ಮೂತಿಯ ಕೆಂಪು ಬಣ್ಣ ಪೂರ್ತಿ ಹೋಗಿ ಬಿಳಿಚಿಕೊಂಡಿದ್ದವು. ಎಲ್ಲೋ ಓದಿದ್ದನ್ನು ನೆನಪಿಟ್ಟುಕೊಂಡು ಚೀಲದ ಬಾಯಿ ಬಿಚ್ಚಿದೆ, ನೀರಿನ ಸಮೇತ ಬಕೆಟ್ಟಿಗೆ ಸುರಿದೆ, ಸಣ್ಣ ಪೈಪು ಹಾಕಿ ನಮ್ಮ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಎರಡು ಗಂಟೆ ಬಿಟ್ಟೆ. ತುಂಬಾ ಜೋಪಾನ ಮಾಡ್ತಾ ಇದ್ದೀನಿ ಅಂದುಕೊಂಡಿದ್ದೆ. ಸಂಜೆಯೊಳಗೆ ನಾಲ್ಕು ಸತ್ತವು, ಮರುದಿನ ಇನ್ನೂ ಮೂರು. ತಪ್ಪು ಅರ್ಧ ಪಾರ್ಸಲ್‌ನದು, ಅರ್ಧ ನನ್ನದು. ಅದು ಹೇಗೆ ಅಂತ ಕೆಳಗೆ ಹೇಳುತ್ತೇನೆ.

ಅಂಗಡಿಯವರು ಪಾಪ, ಅವರಿಗೆ ಸಹಾಯ ಮಾಡಿ ಅನ್ನೋಕೆ ಇದನ್ನು ಬರೆಯುತ್ತಿಲ್ಲ. ಕೆಟ್ಟ ಅಂಗಡಿಗೆ ಕನಿಕರದಿಂದ ದುಡ್ಡು ಕೊಟ್ಟರೆ ಅದು ಇನ್ನೂ ಕೆಡುತ್ತದೆ ಅಷ್ಟೇ. ನಾನು ಹೇಳೋದು ಇಷ್ಟು: ಜೀವ ಇರುವುದನ್ನು ಕಣ್ಣಾರೆ ನೋಡಿ ಕೊಳ್ಳಿ, ಜೀವ ಇಲ್ಲದ್ದನ್ನು ಎಲ್ಲಾದರೂ ಕೊಳ್ಳಿ. ಕಣ್ಣಾರೆ ನೋಡೋಕೆ ಹತ್ತಿರದಲ್ಲಿ ಒಂದು ಅಂಗಡಿ ಬೇಕಲ್ವಾ, ಹಾಗಾಗಿ ಒಳ್ಳೆಯ ಅಂಗಡಿ ಸಿಕ್ಕರೆ ಅದು ಮುಚ್ಚದ ಹಾಗೆ ನೋಡಿಕೊಳ್ಳೋದು ನಮಗೇ ಲಾಭ.

ಅಂಗಡಿಗೆ ಹೋದಾಗ ಏನು ನೋಡಬೇಕು

ಮೊದಲ ಸಲ ಹೋದಾಗ ಏನೂ ಕೊಳ್ಳಬೇಡಿ. ಸುಮ್ನೆ ಸುತ್ತಿ ಬನ್ನಿ. ಕೈಯಲ್ಲಿ ದುಡ್ಡು ಹಿಡಿದುಕೊಂಡು ಹೋದರೆ ಕಣ್ಣು ಬಣ್ಣದ ಮೇಲೆ ಮಾತ್ರ ಇರುತ್ತದೆ.

ಸತ್ತ ಮೀನು ಕಂಡ ತಕ್ಷಣ ಅಂಗಡಿ ಕೆಟ್ಟದ್ದು ಅನ್ನೋ ಹಾಗಿಲ್ಲ. ಅಷ್ಟೊಂದು ಟ್ಯಾಂಕ್ ಇರುವ ಕಡೆ ಒಂದೋ ಎರಡೋ ಸಾಯುತ್ತವೆ. ಆದರೆ ಅದು ಎಷ್ಟು ಹೊತ್ತಿನಿಂದ ಅಲ್ಲಿದೆ ನೋಡಿ. ಕಣ್ಣು ಬೆಳ್ಳಗಾಗಿ, ಮೈಮೇಲೆ ಹತ್ತಿಯಂಥ ಬೂಷ್ಟು ಬೆಳೆದು, ಉಳಿದ ಮೀನುಗಳು ಅದನ್ನೇ ಕಿತ್ತು ತಿನ್ನುತ್ತಿದ್ದರೆ ಬಹಳ ಹೊತ್ತಿನಿಂದ ಯಾರೂ ಆ ಕಡೆ ನೋಡಿಲ್ಲ ಅಂತ ಅರ್ಥ. ಇನ್ನೊಂದು ವಿಷಯ ಕೇಳಿ: ಎಲ್ಲ ಟ್ಯಾಂಕಿಗೂ ಒಂದೇ ಫಿಲ್ಟರ್‌ನಿಂದ ನೀರು ಬರುತ್ತದಾ, ಪ್ರತಿ ಟ್ಯಾಂಕಿಗೂ ಬೇರೆ ಸ್ಪಂಜ್ ಫಿಲ್ಟರ್ ಇದೆಯಾ? ಒಂದೇ ನೀರು ಸುತ್ತುತ್ತಿದ್ದರೆ ಮೂಲೆಯ ಟ್ಯಾಂಕಿನ ರೋಗ ನೀವು ನೋಡುತ್ತಿರುವ ಟ್ಯಾಂಕಿಗೂ ಬಂದಿರಬಹುದು. ಹಾಗಿದ್ದಲ್ಲಿ ನಿಮಗೆ ಬೇಕಾದ ಮೀನನ್ನು ಮಾತ್ರ ನೋಡಿದರೆ ಸಾಲದು, ಇಡೀ ಸಾಲನ್ನು ನೋಡಬೇಕು. ಬಲೆಯ ವಿಷಯವೂ ಅಷ್ಟೇ. ಒಂದೇ ಬಲೆಯನ್ನು ಎಲ್ಲ ಟ್ಯಾಂಕಿಗೂ ಹಾಗೇ ಅದ್ದುತ್ತಿದ್ದಾರಾ, ಮಧ್ಯೆ ಔಷಧದ ನೀರಲ್ಲಿ ಅದ್ದುತ್ತಿದ್ದಾರಾ, ಗಮನಿಸಿ.

ಈಗ ಮೀನು. ಒಂದೇ ಟ್ಯಾಂಕಿನ ಮುಂದೆ ಐದು ನಿಮಿಷ ಅಲ್ಲಾಡದೆ ನಿಲ್ಲಿ. ನಾವು ಹೋಗಿ ನಿಂತ ಕೂಡಲೇ ಮೀನುಗಳು ಊಟ ಬಂತು ಅಂತ ಗಾಜಿಗೆ ಬಂದು ಮುತ್ತುತ್ತವೆ, ಇಲ್ಲವೇ ಹೆದರಿ ಹಿಂದೆ ಸರಿಯುತ್ತವೆ, ಆ ಗಡಿಬಿಡಿಯಲ್ಲಿ ಕಾಯಿಲೆಯ ಮೀನೂ ಚುರುಕಾಗಿ ಕಾಣುತ್ತದೆ. ಎರಡು ನಿಮಿಷ ಕಳೆದ ಮೇಲೆ ನಿಜ ಹೊರಗೆ ಬರುತ್ತದೆ. ಗುಂಪಿನಲ್ಲಿ ಓಡಾಡುವ ಜಾತಿಯಲ್ಲಿ ಒಂದು ಮಾತ್ರ ಹೀಟರ್ ಹಿಂದೆ ನಿಂತಿದೆಯಾ? ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡಿದೆಯಾ? ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ತೆರೆದು ಉಸಿರಾಡುತ್ತಿದೆಯಾ? ಕಲ್ಲಿಗೆ, ಗಿಡಕ್ಕೆ ಮೈ ಉಜ್ಜಿಕೊಳ್ಳುತ್ತಿದೆಯಾ? ಮೈ ಉಜ್ಜುವುದು ಬಿಳಿ ಚುಕ್ಕಿ ರೋಗದ ಮೊದಲ ಸುಳಿವು ಆಗಿರಬಹುದು, ಉಪ್ಪು ಚಿಮುಕಿಸಿದಂಥ ಚುಕ್ಕಿಗಳು ಆಮೇಲೆ ಕಾಣುತ್ತವೆ. ಗಪ್ಪಿಗಳಲ್ಲಿ ಹೊಟ್ಟೆಯ ಕೆಳಗೆ, ಮಲ ಬರುವ ಜಾಗದಿಂದ ಕೆಂಪು ದಾರದ ಎಳೆಗಳ ಹಾಗೆ ಏನಾದರೂ ಇಣುಕುತ್ತಿದ್ದರೆ ಅದು ಹುಳು. ಆ ಟ್ಯಾಂಕಿನ ಯಾವ ಮೀನನ್ನೂ ಮುಟ್ಟಬೇಡಿ, ಎಷ್ಟೇ ಚೆಂದ ಇರಲಿ.

ಇಷ್ಟೆಲ್ಲ ಸರಿ ಇದ್ದರೆ ಒಂದು ಮಾತು ಕೇಳಿ: "ಸ್ವಲ್ಪ ಊಟ ಹಾಕಿ ತೋರಿಸ್ತೀರಾ?" ಒಳ್ಳೆಯ ಅಂಗಡಿಯವರು ಬೇಸರ ಮಾಡಿಕೊಳ್ಳುವುದಿಲ್ಲ. ತಿನ್ನುವ ಮೀನು ಬದುಕುವ ಸಾಧ್ಯತೆ ಜಾಸ್ತಿ. ಡಿಸ್ಕಸ್ ಮೀನು, ಹೊಳೆಯಿಂದ ಹಿಡಿದು ತಂದ ಮೀನುಗಳು, ಇವನ್ನಂತೂ ತಿನ್ನುವುದನ್ನು ನೋಡದೆ ಕೊಳ್ಳಲೇಬೇಡಿ. ಆನ್‌ಲೈನಲ್ಲಿ ಎಷ್ಟು ಫೋಟೋ ಹಾಕಿದರೂ ಈ ಒಂದು ಪರೀಕ್ಷೆ ಆಗುವುದಿಲ್ಲ.

ಕೇಳಬೇಕಾದ ಪ್ರಶ್ನೆ, ಅದಕ್ಕಿಂತ ಮುಖ್ಯವಾಗಿ ಅವರು ಕೇಳುವ ಪ್ರಶ್ನೆ

"ಇವು ಬಂದು ಎಷ್ಟು ದಿನ ಆಯ್ತು?" ಇದು ಮೊದಲನೆಯದು. ನಿನ್ನೆ ಬಂದಿದ್ದರೆ ಒಂದು ವಾರ ಬಿಟ್ಟು ಬರುತ್ತೇನೆ ಅನ್ನಿ. ಸಾಯುವ ಮೀನು ಬಹಳಷ್ಟು ಆ ಮೊದಲ ವಾರದಲ್ಲೇ ಸಾಯುತ್ತವೆ, ಅದು ನಿಮ್ಮ ಮನೆಯಲ್ಲಿ ಯಾಕೆ ಆಗಬೇಕು? ಬೇಕಿದ್ದರೆ ಸ್ವಲ್ಪ ಮುಂಗಡ ಕೊಟ್ಟು ಹಿಡಿದಿಡೋಕೆ ಹೇಳಿ, ಸಾಕಷ್ಟು ಜನ ಒಪ್ಪುತ್ತಾರೆ. ಎರಡನೆಯದು, ಇದು ಎಷ್ಟು ದೊಡ್ಡದಾಗುತ್ತದೆ. ಅಂಗಡಿಯಲ್ಲಿ ಬೆರಳುದ್ದ ಇರುವ ಸಾಮಾನ್ಯ ಸಕ್ಕರ್ ಫಿಶ್ ಒಂದಡಿ ದಾಟುತ್ತದೆ. ಪುಟ್ಟ ಶಾರ್ಕ್ ಅಂತ ಮಾರುವ ಬೆಳ್ಳಿ ಬಣ್ಣದ ಪಂಗಾಸಿಯಸ್ ಒಂದು ಮೀಟರಿಗಿಂತ ಉದ್ದ ಬೆಳೆಯಬಲ್ಲದು, ನಿಮ್ಮ ಟ್ಯಾಂಕೇ ಅಷ್ಟು ಉದ್ದ ಇರಲಿಕ್ಕಿಲ್ಲ. "ಟ್ಯಾಂಕ್ ಎಷ್ಟಿದ್ಯೋ ಅಷ್ಟೇ ಬೆಳೆಯುತ್ತೆ ಸಾರ್" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಹೊರಡಿ. ಚಿಕ್ಕ ಟ್ಯಾಂಕಲ್ಲಿ ಮೀನು ಕುಗ್ಗಿ, ಕಾಯಿಲೆ ಬಿದ್ದು, ಬೇಗ ಸಾಯುತ್ತದೆ, ಅದನ್ನೇ ಅವರು ಬೆಳೆಯಲ್ಲ ಅನ್ನುತ್ತಿರುವುದು. ಗೋಲ್ಡ್ ಫಿಶ್ ಜೊತೆ ದುಂಡನೆಯ ಗಾಜಿನ ಬೌಲ್ ಮಾರುವವರ ಬಗ್ಗೆಯೂ ನನ್ನ ಅಭಿಪ್ರಾಯ ಇದೇ. ಸರಿಯಾಗಿ ಸಾಕಿದರೆ ಹತ್ತು ವರ್ಷಕ್ಕೂ ಮೀರಿ ಬದುಕುವ ಮೀನು ಅದು, ಬೌಲಿನಲ್ಲಿ ಹತ್ತು ತಿಂಗಳೂ ಕಷ್ಟ.

ಗಾಜಿನ ಹಾಗೆ ಮೈ ಪಾರದರ್ಶಕವಾಗಿರುವ ಗ್ಲಾಸ್ ಫಿಶ್‌ಗೆ ಬೆನ್ನ ಮೇಲೆ ಗುಲಾಬಿ, ಹಸಿರು ಗೆರೆ ಇದ್ದರೆ ಅದು ಹುಟ್ಟಿನಿಂದ ಬಂದ ಬಣ್ಣ ಅಲ್ಲ, ಸೂಜಿಯಲ್ಲಿ ಚುಚ್ಚಿ ತುಂಬಿದ್ದು. ಅಂಥದ್ದನ್ನು ಇಟ್ಟಿರುವ ಅಂಗಡಿಗೆ ನಾನಂತೂ ಎರಡನೇ ಸಲ ಹೋಗುವುದಿಲ್ಲ.

ಆದರೆ ಅಂಗಡಿಯ ಗುಣ ನಿಜವಾಗಿ ಗೊತ್ತಾಗುವುದು ಅವರು ನಮ್ಮನ್ನು ಕೇಳುವ ಪ್ರಶ್ನೆಯಿಂದ. ನಾನು ಹೊಸದಾಗಿ ಶುರು ಮಾಡಿದಾಗ ಒಬ್ಬ ಅಂಗಡಿಯವರ ಹತ್ತಿರ ಆರು ಏಂಜಲ್ ಫಿಶ್ ಕೊಡಿ ಅಂದೆ. ಅವರು ಬಲೆ ಕೈಗೆತ್ತಿಕೊಂಡವರು ನಿಂತು ಕೇಳಿದರು.

"ಟ್ಯಾಂಕಿಗೆ ನೀರು ಹಾಕಿ ಎಷ್ಟು ದಿನ ಆಯ್ತು?"

"ನಿನ್ನೆ ಹಾಕಿದ್ದೀನಿ."

ಬಲೆ ವಾಪಸ್ ಮೊಳೆಗೆ ನೇತುಹಾಕಿದರು. "ಇವತ್ತು ಬೇಡ. ಒಂದು ತಿಂಗಳು ಬಿಟ್ಟು ಬನ್ನಿ."

ಆಗ ಸಿಟ್ಟು ಬಂದಿತ್ತು, ದುಡ್ಡು ಕೊಡ್ತೀನಿ ಅಂದರೂ ಮಾರಲ್ಲ ಅನ್ನೋ ಮನುಷ್ಯ ಎಂಥವನಪ್ಪಾ ಅಂತ. ಆಮೇಲೆ ಅರ್ಥ ಆಯಿತು. ಮೀನಿನ ಹೊಲಸು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ, ಮೂರನೆಯದನ್ನು ನೀರು ಬದಲಿಸಿ ಕಡಿಮೆ ಮಾಡಬಹುದು. ಈ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆ ನಿಲ್ಲೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನಾನು ಎರಡನೇ ಸಲ ಹೋದಾಗ ಅದೇ ಮನುಷ್ಯ ತಮ್ಮ ಟ್ಯಾಂಕಿನ ಫಿಲ್ಟರ್‌ನಿಂದ ಕಂದು ಬಣ್ಣದ, ನೋಡೋಕೆ ಹೊಲಸಾದ ಸ್ಪಂಜಿನ ಒಂದು ತುಂಡನ್ನು ಕತ್ತರಿಸಿ, ಒದ್ದೆಯಾಗಿಯೇ ಚೀಲಕ್ಕೆ ಹಾಕಿಕೊಟ್ಟರು. "ಇದನ್ನ ನಿಮ್ಮ ಫಿಲ್ಟರ್ ಒಳಗೆ ತುರುಕಿ, ನಲ್ಲಿ ನೀರಲ್ಲಿ ತೊಳೀಬೇಡಿ." ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಅದಕ್ಕೆ. ವಾರಗಟ್ಟಲೆ ಕಾಯುವ ಕೆಲಸವನ್ನು ಆ ತುಂಡು ಎಷ್ಟೋ ಚುರುಕು ಮಾಡಿತು. ಅದಕ್ಕೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ಅದೇ ಸ್ಪಂಜಿನಲ್ಲಿ ಅವರ ಟ್ಯಾಂಕಿನ ರೋಗವೂ ಬರಬಹುದು ಅನ್ನೋದು ನಿಜ, ಹಾಗಾಗಿ ನಂಬಿಕೆ ಇರುವ ಅಂಗಡಿಯಿಂದ ಮಾತ್ರ ತರಬೇಕು.

ಬೆಲೆ ಲೆಕ್ಕ ಹಾಕೋದು ಹೀಗೆ

ಎರಡು ಕಡೆಯ ಬೆಲೆ ಹೋಲಿಸುವಾಗ ಒಂದು ಮೀನಿನ ಬೆಲೆ ನೋಡಬೇಡಿ. ಮೀನು, ಪ್ಯಾಕಿಂಗ್, ಡೆಲಿವರಿ ಎಲ್ಲ ಸೇರಿ ಕೊಟ್ಟ ಒಟ್ಟು ದುಡ್ಡನ್ನು ಹದಿನೈದನೇ ದಿನ ಬದುಕಿರುವ ಮೀನಿನ ಸಂಖ್ಯೆಯಿಂದ ಭಾಗಿಸಿ. ನನ್ನ ಹತ್ತು ಟೆಟ್ರಾದಲ್ಲಿ ಉಳಿದದ್ದು ಮೂರು. ಅಲ್ಲಿಗೆ ಡೆಲಿವರಿ ಬಿಟ್ಟರೂ ಒಂದೊಂದು ಮೀನು ಹಾಕಿದ್ದ ಬೆಲೆಯ ಮೂರು ಪಟ್ಟಿಗಿಂತ ಜಾಸ್ತಿ ಆಯಿತು. ಅಂಗಡಿಯಲ್ಲಿ ದುಬಾರಿ ಅಂತ ಬಿಟ್ಟು ಬಂದಿದ್ದೆ ನೋಡಿ!

ಅಂಗಡಿಯ ಬೆಲೆಯಲ್ಲಿ ಏನೇನು ಸೇರಿದೆ ಅಂತಲೂ ಯೋಚಿಸಿ. ಬಾಡಿಗೆ, ರಾತ್ರಿ ಹಗಲು ಓಡುವ ಪಂಪು ಮತ್ತು ಹೀಟರಿನ ಕರೆಂಟು, ಮಾರುವ ಮುಂಚೆಯೇ ಸತ್ತ ಮೀನಿನ ನಷ್ಟ, ದಿನಾ ನೀರು ಬದಲಿಸುವ ಹುಡುಗನ ಸಂಬಳ. ಒಂದು ವಾರ ಅಲ್ಲಿದ್ದ ಮೀನು ಅಂದರೆ ಸಾಯಬೇಕಾದದ್ದು ಸತ್ತು, ಉಳಿದದ್ದು ಉಳಿದಿದೆ. ಆ ಜರಡಿ ಹಿಡಿಯುವ ಕೆಲಸಕ್ಕೆ ನಾವು ಸ್ವಲ್ಪ ಜಾಸ್ತಿ ಕೊಡುತ್ತಿದ್ದೇವೆ.

ಆನ್‌ಲೈನಲ್ಲಿ ಧಾರಾಳವಾಗಿ ಕೊಳ್ಳಬಹುದಾದದ್ದು

ಲೈಟು, ಕ್ಯಾನಿಸ್ಟರ್ ಫಿಲ್ಟರ್, ಏರ್ ಪಂಪು, ಟೈಮರ್, ಸೈಫನ್. ಇವಕ್ಕೆ ಜೀವ ಇಲ್ಲ, ದಾರಿಯಲ್ಲಿ ಎರಡು ದಿನ ಜಾಸ್ತಿಯಾದರೂ ಏನೂ ಆಗುವುದಿಲ್ಲ. ಹೀಟರ್ ಮಾತ್ರ ಹೆಸರಿಲ್ಲದ್ದು ಬೇಡ. ಥರ್ಮೋಸ್ಟಾಟ್ ಕೆಟ್ಟು ಆನ್ ಆಗಿಯೇ ಉಳಿದರೆ ಒಂದು ರಾತ್ರಿಯಲ್ಲಿ ಎಲ್ಲ ಮೀನು ಬೆಂದುಹೋಗುತ್ತವೆ. ನೀರು ಪರೀಕ್ಷಿಸುವ ಟೆಸ್ಟ್ ಕಿಟ್ ತರಿಸಿದರೆ ಬಾಟಲಿಯ ಮೇಲಿನ ಎಕ್ಸ್‌ಪೈರಿ ದಿನಾಂಕ ನೋಡಿ, ಹಳೆಯದಾದರೆ ತಪ್ಪು ಬಣ್ಣ ತೋರಿಸುತ್ತದೆ.

ಮೀನಿನ ಊಟದ ವಿಷಯದಲ್ಲಿ ಕೆಲವು ಅಂಗಡಿಗಳಿಗಿಂತ ಆನ್‌ಲೈನೇ ವಾಸಿ. ದೊಡ್ಡ ಮೂಟೆಯಿಂದ ತೆಗೆದು ಚಿಕ್ಕ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ನೇತುಹಾಕಿರುತ್ತಾರಲ್ಲ, ಅದರ ಮೇಲೆ ದಿನಾಂಕ ಇರುವುದಿಲ್ಲ, ಗಾಳಿ ಬೆಳಕಿಗೆ ವಿಟಮಿನ್ ಹಾಳಾಗಿರುತ್ತದೆ. ಸೀಲ್ ಇರುವ ಚಿಕ್ಕ ಡಬ್ಬಿ ಎಲ್ಲಿ ಸಿಗುತ್ತದೋ ಅಲ್ಲಿ ತೆಗೆದುಕೊಳ್ಳಿ.

ಗಿಡಗಳು ಜೀವ ಇರುವ ವಸ್ತುವೇ ಆದರೂ ಪಾರ್ಸಲ್‌ನಲ್ಲಿ ಚೆನ್ನಾಗಿ ಬರುತ್ತವೆ. ಟಿಶ್ಯೂ ಕಲ್ಚರ್ ಕಪ್ಪಿನಲ್ಲಿ (ಲ್ಯಾಬಿನಲ್ಲಿ ಬೆಳೆಸಿ ಸೀಲ್ ಮಾಡಿದ್ದು) ಬರುವ ಗಿಡದಲ್ಲಿ ಬಸವನಹುಳುವಿನ ಮೊಟ್ಟೆ, ಪಾಚಿ ಇರುವುದಿಲ್ಲ, ಅದೊಂದು ದೊಡ್ಡ ಅನುಕೂಲ. ಗಾಜಿನ ಟ್ಯಾಂಕನ್ನು ಮಾತ್ರ ದೂರದಿಂದ ತರಿಸಬೇಡಿ. ಹತ್ತಿರದಲ್ಲಿ ಗಾಜು ಕತ್ತರಿಸಿ ಅಂಟಿಸಿಕೊಡುವವರು ಇದ್ದರೆ ಅವರ ಹತ್ತಿರವೇ ಮಾಡಿಸಿ. ಸೋರಿದರೆ ಹೋಗಿ ಕೇಳೋಕೆ ಒಬ್ಬ ಮನುಷ್ಯ ಇರುತ್ತಾನೆ.

ಆನ್‌ಲೈನಲ್ಲೇ ಮೀನು ತರಿಸಬೇಕಾಗಿ ಬಂದರೆ

ಹತ್ತಿರದಲ್ಲಿ ಅಂಗಡಿ ಇಲ್ಲ, ಅಥವಾ ಬೇಕಾದ ಜಾತಿ ಅಲ್ಲಿ ಬರುವುದೇ ಇಲ್ಲ. ಹೀಗೂ ಆಗುತ್ತದೆ. ಮೊದಲು ಅಂಗಡಿಯವರನ್ನೇ ತರಿಸಿಕೊಡಿ ಅಂತ ಕೇಳಿ, ಅವರಿಗೆ ಬರುವ ಸಗಟು ಪಟ್ಟಿಯಲ್ಲಿ ಎಷ್ಟೋ ಹೆಸರು ಇರುತ್ತವೆ, ಕೇಳುವವರಿಲ್ಲದೆ ತರಿಸಿರುವುದಿಲ್ಲ ಅಷ್ಟೇ. ಅದೂ ಆಗಲಿಲ್ಲ ಅಂದರೆ ತಾನೇ ಮರಿ ಮಾಡಿ ಮಾರುವವರನ್ನು ಹುಡುಕಿ. ಎಲ್ಲಿಂದಲೋ ತರಿಸಿ ಅದೇ ದಿನ ಇನ್ನೊಂದು ಡಬ್ಬಕ್ಕೆ ಹಾಕಿ ಕಳಿಸುವವರಿಗಿಂತ ಅವರು ಎಷ್ಟೋ ಮೇಲು.

ದುಡ್ಡು ಕಳಿಸುವ ಮೊದಲು ಇವಿಷ್ಟು ಬರೆದು ಕೇಳಿ. ವಾರದ ಯಾವ ದಿನ ಕಳಿಸುತ್ತೀರಿ? ವಾರದ ಕೊನೆಗೆ ಕಳಿಸಿದರೆ ರಜೆಯಲ್ಲಿ ಗೋದಾಮಿನಲ್ಲಿ ಬಿದ್ದಿರುತ್ತದೆ, ಸೋಮವಾರವೋ ಮಂಗಳವಾರವೋ ಹೊರಡಲಿ. ಕಳಿಸುವ ಮುಂಚೆ ಒಂದೆರಡು ದಿನ ಊಟ ನಿಲ್ಲಿಸುತ್ತೀರಾ? ಹೊಟ್ಟೆ ಖಾಲಿ ಇದ್ದರೆ ಚೀಲದ ನೀರು ಕಡಿಮೆ ಕೆಡುತ್ತದೆ, ಇದು ಕ್ರೂರತನ ಅಲ್ಲ. ಚೀಲದಲ್ಲಿ ಮೂರನೇ ಒಂದು ಭಾಗ ನೀರು, ಉಳಿದದ್ದು ಆಕ್ಸಿಜನ್ ಇರಬೇಕು, ಹೊರಗೆ ಥರ್ಮಾಕೋಲ್ ಡಬ್ಬ. ಸತ್ತು ಬಂದರೆ ಏನು ಮಾಡುತ್ತೀರಿ? ಇದಕ್ಕೆ ಫೋನಲ್ಲಿ ಉತ್ತರ ಬೇಡ, ಬರವಣಿಗೆಯಲ್ಲೇ ಬೇಕು. ಬಹಳ ಜನ ಡಬ್ಬ ಬಂದ ಒಂದೆರಡು ಗಂಟೆಯೊಳಗೆ, ಚೀಲ ಬಿಚ್ಚದೆ ತೆಗೆದ ಫೋಟೋ ಕೇಳುತ್ತಾರೆ.

ಫೈಟರ್ ಮೀನು ಇದಕ್ಕೆಲ್ಲ ಸ್ವಲ್ಪ ಗಟ್ಟಿ. ನೀರಿನ ಮೇಲೆ ಬಂದು ನೇರವಾಗಿ ಗಾಳಿ ಎಳೆದುಕೊಳ್ಳುವ ಅಂಗ ಅದಕ್ಕಿದೆ, ಹಾಗಾಗಿ ಚಿಕ್ಕ ಚೀಲದಲ್ಲೂ ಪ್ರಯಾಣ ತಡೆಯುತ್ತದೆ. ಅದಕ್ಕೇ ಅಪರೂಪದ ಬಣ್ಣದ ಫೈಟರ್ ಬೇಕು ಅಂತ ಯಾರಾದರೂ ಕೇಳಿದರೆ ಒಳ್ಳೆಯ ಬ್ರೀಡರ್ ಹತ್ತಿರ ತರಿಸಿಕೊಳ್ಳಿ ಅನ್ನುತ್ತೇನೆ, ಟೆಟ್ರಾ ಬೇಕು ಅಂದರೆ ಅಂಗಡಿಗೆ ಹೋಗಿ ಅನ್ನುತ್ತೇನೆ.

ಈಗ ನನ್ನ ತಪ್ಪಿನ ಕಥೆ. ಮುಚ್ಚಿದ ಚೀಲದಲ್ಲಿ ಎರಡು ದಿನ ಮೀನು ಉಸಿರಾಡಿದರೆ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಸೇರಿ ಪಿಎಚ್ ಇಳಿಯುತ್ತದೆ, ಅಂದರೆ ನೀರು ಹುಳಿಯಾಗುತ್ತದೆ. ಅದರ ಜೊತೆ ಅಮೋನಿಯಾವೂ ಏರುತ್ತಾ ಹೋಗುತ್ತದೆ, ಆದರೆ ಪಿಎಚ್ ಕಡಿಮೆ ಇರುವಷ್ಟು ಹೊತ್ತು ಅದರ ಬಹುಪಾಲು ಅಮೋನಿಯಂ ಅನ್ನೋ ಹೆಚ್ಚು ಕೆಡುಕು ಮಾಡದ ರೂಪದಲ್ಲಿ ಇರುತ್ತದೆ. ಚೀಲ ಬಿಚ್ಚಿದ ಕೂಡಲೇ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಪಿಎಚ್ ಏರುತ್ತದೆ, ಅದೇ ಅಮೋನಿಯಂ ವಿಷವಾದ ಅಮೋನಿಯಾ ಆಗುತ್ತದೆ. ನಾನು ಆ ನೀರಲ್ಲೇ ಅವನ್ನು ಎರಡು ಗಂಟೆ ಕೂರಿಸಿದ್ದೆ. ದೂರದಿಂದ ಬಂದ ಚೀಲವನ್ನು ಬಿಚ್ಚದೆ 15ರಿಂದ 20 ನಿಮಿಷ ಟ್ಯಾಂಕಿನ ನೀರಲ್ಲಿ ತೇಲಿಬಿಡಿ. ಲೈಟ್ ಆರಿಸಿ. ಬಿಸಿ ಸಮ ಆದ ಮೇಲೆ ಚೀಲ ಕತ್ತರಿಸಿ, ಬಲೆಯಲ್ಲಿ ಸೋಸಿ, ಮೀನನ್ನು ತಕ್ಷಣ ಒಳಗೆ ಬಿಡಿ. ಚೀಲದ ನೀರು ಚರಂಡಿಗೆ, ಟ್ಯಾಂಕಿಗೆ ಒಂದು ಹನಿಯೂ ಬೇಡ. ಅಂಗಡಿಯಿಂದ ಅರ್ಧ ಗಂಟೆಯಲ್ಲಿ ತಂದ ಮೀನಿಗೆ ಈ ಗಡಿಬಿಡಿ ಇಲ್ಲ, ಬಿಸಿ ಸಮ ಆದ ಮೇಲೆ ಚೀಲಕ್ಕೆ ಸ್ವಲ್ಪ ಸ್ವಲ್ಪ ನಮ್ಮ ನೀರು ಹಾಕುತ್ತಾ ಅಭ್ಯಾಸ ಮಾಡಿಸಬಹುದು. ಸೀಗಡಿಗಂತೂ ಹಾಗೆ ನಿಧಾನವಾಗಿಯೇ ಮಾಡಬೇಕು.

ಎಲ್ಲಿಂದ ತಂದರೂ ಸರಿ, ಹೊಸ ಮೀನನ್ನು 2ರಿಂದ 4 ವಾರ ಬೇರೆ ಇಡಿ. ಒಂದು ಪ್ಲಾಸ್ಟಿಕ್ ಟಬ್ಬು, ಸ್ಪಂಜ್ ಫಿಲ್ಟರ್, ಹೀಟರ್, ಮುಚ್ಚಳ ಸಾಕು. ಬಿಳಿ ಚುಕ್ಕಿಯ ಪರಾವಲಂಬಿ ಮೀನಿನ ಚರ್ಮದೊಳಗೆ ಅಡಗಿರುವಾಗ ಔಷಧ ಅದನ್ನು ಮುಟ್ಟುವುದಿಲ್ಲ, ನೀರಿನಲ್ಲಿ ಈಜುವ ಹಂತದಲ್ಲಿ ಮಾತ್ರ ಸಾಯುತ್ತದೆ. ಚುಕ್ಕಿ ಮಾಯವಾಯಿತು ಅಂತ ಮೂರನೇ ದಿನಕ್ಕೇ ದೊಡ್ಡ ಟ್ಯಾಂಕಿಗೆ ಬಿಟ್ಟು ಎಲ್ಲವನ್ನೂ ಕಳೆದುಕೊಂಡವರು ಬಹಳ ಜನ.

ಅಂಗಡಿ ಉಳಿಸೋಕೆ ನಾವು ಮಾಡಬಹುದಾದದ್ದು

ಒಂದು ವಿಷಯ ನೇರವಾಗಿ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಂಗಡಿಗೆ ಹೋಗಿ ಅರ್ಧ ಗಂಟೆ ಫಿಲ್ಟರ್ ಬಗ್ಗೆ ಎಲ್ಲ ಕೇಳಿ ತಿಳಿದುಕೊಂಡು, ಅಲ್ಲೇ ನಿಂತು ಫೋನಲ್ಲಿ ಆರ್ಡರ್ ಮಾಡೋದು ಸರಿಯಲ್ಲ. ಆನ್‌ಲೈನಲ್ಲಿ ಬೆಲೆ ಕಡಿಮೆ ಇದ್ದರೆ ಬಾಯಿಬಿಟ್ಟು ಕೇಳಿ: "ಇದು ಬೇರೆ ಕಡೆ ಇಷ್ಟಕ್ಕೆ ಸಿಗ್ತಿದೆ, ನೀವು ಎಷ್ಟಕ್ಕೆ ಕೊಡ್ತೀರಾ?" ಕೆಲವೊಮ್ಮೆ ಕಡಿಮೆ ಮಾಡುತ್ತಾರೆ, ಕೆಲವೊಮ್ಮೆ "ಅಲ್ಲೇ ತಗೊಳ್ಳಿ ಸಾರ್, ನನಗೆ ಬರೋ ಬೆಲೆನೇ ಅದಕ್ಕಿಂತ ಜಾಸ್ತಿ" ಅಂತ ಅವರೇ ಹೇಳುತ್ತಾರೆ. ಆಗ ಆನ್‌ಲೈನಲ್ಲಿ ಕೊಂಡರೆ ಇಬ್ಬರಿಗೂ ಬೇಜಾರಿಲ್ಲ. ಸೀಲ್ ಇರುವ ಊಟದ ಡಬ್ಬಿ, ಕ್ಲೋರಿನ್ ತೆಗೆಯುವ ದ್ರಾವಣ, ಫಿಲ್ಟರ್ ಹತ್ತಿ, ಏರ್ ಪೈಪು, ಇಂಥ ಚಿಲ್ಲರೆ ಸಾಮಾನನ್ನು ನಾನು ಬೆಲೆ ನೋಡದೆ ಅಂಗಡಿಯಲ್ಲೇ ಕೊಳ್ಳುತ್ತೇನೆ. ರಾತ್ರಿ ಎಂಟಕ್ಕೆ ಪಂಪು ನಿಂತುಹೋದಾಗ ಬದಲಿ ಪಂಪು ಸಿಗುವುದು ಅಲ್ಲೇ.

ಸತ್ತ ಮೀನು ಹಿಡಿದುಕೊಂಡು ಜಗಳಕ್ಕೆ ಹೋಗುವ ಮುಂಚೆ ನಿಮ್ಮ ಟ್ಯಾಂಕಿನ ನೀರನ್ನು ಒಂದು ಚಿಕ್ಕ ಬಾಟಲಿಯಲ್ಲಿ ಒಯ್ದು ಪರೀಕ್ಷೆ ಮಾಡಿಸಿ. ಅಮೋನಿಯಾ ಇದೆ ಅಂತ ಪರೀಕ್ಷೆಯಲ್ಲಿ ಹಸಿರು ಬಣ್ಣ ಬಂದರೆ ತಪ್ಪು ಯಾರದ್ದು ಅಂತ ಇಬ್ಬರಿಗೂ ಗೊತ್ತಾಗುತ್ತದೆ.

ಇನ್ನು, ಸಾಕೋಕೆ ಆಗದ ಮೀನನ್ನು ಕೆರೆಗೋ ಹೊಳೆಗೋ ಬಿಡಬೇಡಿ. ಸಕ್ಕರ್ ಫಿಶ್ ಹೀಗೆ ಬಿಟ್ಟ ಕಡೆಯೆಲ್ಲ ಬೆಳೆದು, ದಡ ಕೊರೆದು, ಅಲ್ಲಿನ ಮೀನುಗಳ ಅನ್ನ ಕಿತ್ತುಕೊಂಡಿದೆ. ಅಂಗಡಿಯವರನ್ನು ಕೇಳಿ, ಬಹಳಷ್ಟು ಜನ ವಾಪಸ್ ತೆಗೆದುಕೊಳ್ಳುತ್ತಾರೆ. ಗಪ್ಪಿ, ಪ್ಲಾಟಿ ಮರಿಗಳು ತುಂಬಿ ತುಳುಕುವಾಗಲೂ ಅಷ್ಟೇ, ಕತ್ತರಿಸಿದ ಗಿಡದ ತುಂಡುಗಳೂ ಅಷ್ಟೇ, ಬದಲಿಗೆ ಒಂದು ಡಬ್ಬಿ ಊಟ ಕೊಡುವವರಿದ್ದಾರೆ. ಆದರೆ ಮೊದಲು ಫೋನ್ ಮಾಡಿ ಕೇಳಿ ಹೋಗಿ, ಬಕೆಟ್ ಹಿಡಿದು ಬಾಗಿಲಲ್ಲಿ ನಿಂತರೆ ಅವರಾದರೂ ಏನು ಮಾಡಬೇಕು.

ಆವತ್ತು ನನಗೆ ಏಂಜಲ್ ಮಾರದೆ ಕಳಿಸಿದ ಅಂಗಡಿಯವರಿಗೆ ಹೋದ ತಿಂಗಳು ಮೂವತ್ತು ಪ್ಲಾಟಿ ಮರಿ ಒಯ್ದೆ. ಚೀಲವನ್ನು ಬೆಳಕಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ, ಒಂದೊಂದರ ರೆಕ್ಕೆಯನ್ನೂ ನೋಡಿದರು. ಐದು ನಿಮಿಷ ಆಗಿರಬೇಕು. ಆಮೇಲೆ ಒಳಗಿನ ಕೋಣೆಯ ಖಾಲಿ ಟ್ಯಾಂಕಿನಲ್ಲಿ ಚೀಲ ತೇಲಿಬಿಟ್ಟು, "ಮೂರು ವಾರ ಇಲ್ಲೇ ಇರಲಿ, ಆಮೇಲೆ ಮುಂದೆ ಇಡ್ತೀನಿ" ಅಂದರು.